ನಂಜುಂಡನ ಊರಿನ ಗೊಜ್ಜು

ಬದನೆಕಾಯಿ ತಿಂದರೆ ನಂಜು ಎಂದು ನಮ್ಮ ಕಡೆ ಒಂದು ಮಾತಿದೆ. ಮೈಮೇಲೆ ಗಾಯವಾದವರು, ತುರಿಕೆ ಇದ್ದವರು, ಬಾಣಂತಿಯರು ಅದನ್ನು ಮುಟ್ಟಬಾರದು ಎನ್ನುತ್ತಾರೆ. ನಮ್ಮವ್ವ ಮಾತ್ರ ಈ ಮಾತನ್ನು ಅರ್ಧದಲ್ಲೇ ತಡೆಯುತ್ತಿದ್ದಳು. "ನಾವು ನಂಜನಗೂಡಿನವರು ಕಣ್ರವ್ವ. ನಮ್ಮ ದೇವ್ರು ಹಾಲಾಹಲನೇ ಕುಡ್ದವ್ನೆ. ಬದನೆಕಾಯಿ ನಂಜು ನಮಗ್ಯಾವ ಲೆಕ್ಕ?" ಎಂದು ನಗುತ್ತಿದ್ದಳು.

ಅವ್ವನ ತವರು ನಂಜನಗೂಡು, ಕೊಟ್ಟ ಊರು ತಿರುಮಕೂಡಲು ನರಸೀಪುರ. ನಂಜನಗೂಡಿನ ಸ್ನಾನಘಟ್ಟವನ್ನು ದಾಟಿದ ಕಪಿಲೆ ಹರಿದು ಹರಿದು ನಮ್ಮೂರಿಗೆ ಬಂದು ಕಾವೇರಿಯನ್ನು ಸೇರುತ್ತಾಳೆ. ತವರಿನ ನೆನಪಾದಾಗ ಅವ್ವ ಬಸ್ಸು ಹತ್ತುತ್ತಿರಲಿಲ್ಲ, ಬಸ್ಸಿಗೆ ಕಾಸೂ ಇರುತ್ತಿರಲಿಲ್ಲ. ಬಟ್ಟೆ ಒಗೆಯಲು ಕಪಿಲೆಯ ದಡಕ್ಕೆ ಹೋಗುತ್ತಿದ್ದಳು. "ನಮ್ಮೂರ ನೀರೇ ನನ್ನ ನೋಡೋಕೆ ಇಲ್ಲೀಗಂಟ ಬತ್ತದೆ" ಎನ್ನುತ್ತಿದ್ದಳು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಸಂಬಳ ತಿಂಗಳ ಇಪ್ಪತ್ತನೆಯ ತಾರೀಖಿನವರೆಗೆ ಬರುತ್ತಿತ್ತು, ಆಮೇಲಿನ ಹತ್ತು ದಿನ ಅವ್ವ ಬರಿಸುತ್ತಿದ್ದಳು.

ಈ ಪ್ರಬಂಧ ಒಂದು ಗೊಜ್ಜಿನ ವಿಷಯ. ಆದರೆ ಅದನ್ನು ಹೇಳಬೇಕಾದರೆ ೧೯೭೬ರ ನನ್ನ ಅಕ್ಕನ ವೀಳ್ಯಶಾಸ್ತ್ರದಿಂದಲೇ ಶುರುಮಾಡಬೇಕು.

ಗಂಡಿನ ಕಡೆಯವರು ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯವರು, ನಮಗಿಂತ ಸ್ಥಿತಿವಂತರು. ಹದಿನೈದು ಜನ ಬರುತ್ತೇವೆ ಎಂದು ಕಾರ್ಡು ಬರೆದಿದ್ದರು. ಬೆಳಗಿನ ತಿಂಡಿಗೆ ಪೂರಿ, ಆಲೂಗಡ್ಡೆ ಸಾಗು, ಒಂದು ಸಿಹಿ ಎಂದು ಮನೆಯಲ್ಲಿ ನಿಶ್ಚಯವಾಗಿತ್ತು. ಹಿಂದಿನ ದಿನ ಮಧ್ಯಾಹ್ನ ಆ ಊರಿನ ಹುಡುಗನೊಬ್ಬ ಬಂದು, "ಒಂದು ನಲವತ್ತೈದು ಆಗಬೌದಂತೆ, ಹೇಳಿ ಬಾ ಅಂದ್ರು" ಎಂದು ಹೇಳಿ ನೀರು ಕುಡಿದು ಹೊರಟುಹೋದ. ತಿಂಗಳ ಕೊನೆ. ಸಾಲ ಕೊಡುವ ಅಂಗಡಿಯವರು ಹಳೆಯ ಬಾಕಿ ನೆನಪಿಸಿದರು. ಅಪ್ಪ ಜಗಲಿಯ ಮೇಲೆ ಕೂತು ಅಂಗೈ ನೋಡಿಕೊಳ್ಳತೊಡಗಿದರು. ಅದಕ್ಕೆ ಮುಂಚೆ ಒಂದು ಸಂಬಂಧ ಮಾತಿನವರೆಗೆ ಬಂದು ತಪ್ಪಿಹೋಗಿತ್ತು. ಇದೂ ತಪ್ಪಿದರೆ ಎಂಬ ಭಯ ಮನೆಯಲ್ಲಿ ಯಾರ ಬಾಯಲ್ಲೂ ಬರದೆ ಎಲ್ಲರ ಮುಖದಲ್ಲೂ ಇತ್ತು.

ಅವ್ವನ ಸೆರಗಿನ ಗಂಟಿನಲ್ಲಿ ಹತ್ತು ರೂಪಾಯಿಯ ಒಂದು ನೋಟಿತ್ತು. ಹೊತ್ತು ಮುಳುಗುವ ತನಕ ಕಾದು, ನನ್ನ ಕೈಗೆ ಎರಡು ಚೀಲ ಕೊಟ್ಟು ಸಂತೆಗೆ ಹೊರಟಳು. ಆಗ ನನಗೆ ಹನ್ನೆರಡು ವರ್ಷ. ಇಷ್ಟು ತಡವಾಗಿ ಏಕೆ ಎಂದು ಕೇಳಿದೆ. "ಬದನೆಕಾಯಿನ ಯಾರೂ ವಾಪಸ್ ಹೊತ್ಕೊಂಡು ಹೋಗಕಿಲ್ಲ ಕನ. ನಾಳೀಕೆ ಸುಕ್ಕಾಗೋಯ್ತದೆ" ಎಂದಳು. ಸಂತೆ ಮುಗಿಯುವ ಹೊತ್ತಿಗೆ ಗುಡ್ಡೆಯ ಲೆಕ್ಕದಲ್ಲಿ ಮಾರುವ ತರಕಾರಿಗೆ ಬೆಲೆ ಹೇಳುವವರು ಮಾರುವವರಲ್ಲ, ಕೊಳ್ಳುವವರು. ಉದ್ದನೆಯ ಹಸಿರು, ಗುಂಡನೆಯ ನೇರಳೆ, ಗೀರು ಗೀರಿನ ಬಿಳಿ ಎಲ್ಲವನ್ನೂ ಕಲೆಸಿ ಎರಡು ಚೀಲದ ತುಂಬ ತಂದೆವು. ಹಾಕಿದರೆ ಏಳೆಂಟು ಕೆಜಿ ಇದ್ದಿರಬೇಕು. ನೋಟಿನಲ್ಲಿ ಚಿಲ್ಲರೆ ಉಳಿದಿತ್ತು. ಅದರಲ್ಲಿ ಎಳ್ಳು, ಹುರಿಗಡಲೆ, ಬೆಲ್ಲ ಬಂತು.

ಮರುದಿನ ನಸುಕಿನಲ್ಲಿ ಅವ್ವ ಮಾಡಿದ ಕೆಲಸವನ್ನು ನಾನು ಇಂದಿಗೂ ಮರೆತಿಲ್ಲ. ಆ ಕಾಲದಲ್ಲಿ ಎಲ್ಲರ ಮನೆಯ ಬಚ್ಚಲಲ್ಲೂ ನೀರೊಲೆ. ಬೆಳಗಾದರೆ ಹಂಡೆ ಕಾಯಲು ಸೌದೆ, ತೆಂಗಿನ ಮಟ್ಟೆ ಹಾಕುತ್ತಿದ್ದರು. ಎಲ್ಲರದೂ ಸ್ನಾನವಾದ ಮೇಲೆ ಒಲೆಯೊಳಗೆ ಕೆಂಡ ಸುಮ್ಮನೆ ಬೂದಿಯಾಗುತ್ತಿತ್ತು. ಅವ್ವ ನಮ್ಮ ಬೀದಿಯ ನಾಲ್ಕು ಮನೆಗಳ ನೀರೊಲೆಗೆ ಬದನೆಕಾಯಿಗಳನ್ನು ಹಂಚಿಬಂದಳು. ಕಾಯಿಗೆ ಚೂರು ಎಣ್ಣೆ ಸವರಿ, ಸಿಡಿಯದ ಹಾಗೆ ಕಡ್ಡಿಯಲ್ಲಿ ಅಲ್ಲಲ್ಲಿ ಚುಚ್ಚಿ, ಬಿಸಿ ಬೂದಿಯಲ್ಲಿ ಹೂತು ಮೇಲೆ ಕೆಂಡ ಎಳೆಯುವುದು. ಒಂದು ಕಡೆ ಕರಿದಾದ ಮೇಲೆ ಮಗುಚುವುದು. ಜೊತೆಗೆ ಹಸಿಮೆಣಸಿನಕಾಯಿಯನ್ನೂ ಕೆಂಡದಲ್ಲೇ ಬಾಡಿಸುವುದು. ಸೌದೆಗೆ ಕಾಸಿಲ್ಲ, ಪಾತ್ರೆ ಬೇಕಿಲ್ಲ, ಹುರಿಯಲು ಎಣ್ಣೆ ಬೇಕಿಲ್ಲ. ಅಷ್ಟೂ ಬೇಯುವುದು ಇನ್ನೊಬ್ಬರು ಬಿಟ್ಟ ಬಿಸಿಯಲ್ಲಿ.

ಈ ಉಪಾಯ ಅವಳು ಕಲಿತದ್ದು ನಂಜನಗೂಡಿನ ದೊಡ್ಡಜಾತ್ರೆಯಲ್ಲಂತೆ. ಫಾಲ್ಗುಣ ಮಾಸದಲ್ಲಿ ಶ್ರೀಕಂಠೇಶ್ವರನ ಐದು ತೇರು ಹರಿಯುವ ಆ ಜಾತ್ರೆಗೆ ಬಂದವರು ಕಪಿಲೆಯ ದಡದಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡುತ್ತಿದ್ದರು. ಇರುವುದು ಒಂದೇ ಮಡಕೆ, ಅದರಲ್ಲಿ ಅನ್ನ. ಅನ್ನ ಬೇಯುವ ಬೆಂಕಿಯ ಕೆಳಗೇ ಬದನೆಕಾಯಿ. ಮಡಕೆ ಇಳಿಸುವ ಹೊತ್ತಿಗೆ ಗೊಜ್ಜೂ ಸಿದ್ಧ. ಅವಳು ಸಣ್ಣ ಹುಡುಗಿಯಾಗಿ ದಡದಲ್ಲಿ ಅಲೆದಾಡುತ್ತಾ ಇದನ್ನು ನೋಡಿದ್ದಳು, ಯಾರೋ ಪುಣ್ಯಾತ್ಗಿತ್ತಿ ಕೊಟ್ಟ ತುತ್ತನ್ನು ಉಂಡೂ ಇದ್ದಳು.

ಸುಟ್ಟ ಕಾಯಿಯನ್ನು ತಣ್ಣೀರು ಸೋಕಿಸಿದ ಕೈಯಲ್ಲಿ ಸುಲಿದು, ತೊಟ್ಟು ಕಿತ್ತು, ಹುಳುಕಿದ್ದರೆ ನೋಡಿ ಬಿಸಾಕಿ ಕಿವುಚಬೇಕು. ಮಿಕ್ಸಿ ಇದ್ದರೂ ಹಾಕಬಾರದು, ಹಾಕಿದರೆ ಅಂಟಾಗುತ್ತದೆ. ಏಳು ಕೆಜಿ ಕಾಯಿ ಸುಟ್ಟು ಸುಲಿದರೆ ತೂಕ ಬಹಳ ಇಳಿಯುತ್ತದೆ, ನಲವತ್ತೈದು ಜನಕ್ಕೆ ಸಾಲದು. ಅದಕ್ಕೇ ಹುರಿದ ಎಳ್ಳು ಮತ್ತು ಹುರಿಗಡಲೆಯ ಪುಡಿ. ದೊಡ್ಡ ತಪ್ಪಲೆಯಲ್ಲಿ ಸಾಸಿವೆ, ಕಡಲೆಬೇಳೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು, ಹೆಚ್ಚಿದ ಈರುಳ್ಳಿ ಬಾಡಿಸಿ, ಹುಣಿಸೆ ರಸ, ಉಪ್ಪು, ಬೆಲ್ಲ, ಜಜ್ಜಿದ ಮೆಣಸಿನಕಾಯಿ ಹಾಕಿ ಕುದಿಸಿದಳು. ಕುದಿ ಬಂದ ಮೇಲೆ ಕಿವುಚಿದ ಬದನೆ. ಕೊನೆಯಲ್ಲಿ ಪುಡಿಯನ್ನು ಉದುರಿಸಿದರೆ ಗೊಜ್ಜು ನೀರು ಹಿಡಿದು ಉಬ್ಬುತ್ತದೆ, ರೊಟ್ಟಿಯ ಚೂರನ್ನು ಅದ್ದಿ ಎತ್ತಿದರೆ ಕೆಳಗೆ ಸುರಿಯುವುದಿಲ್ಲ. ತಪ್ಪಲೆಯನ್ನು ಕೆಂಡದ ಅಂಚಿನಲ್ಲಿ ಇಟ್ಟರೆ ಕಡೆಯ ಪಂಕ್ತಿಯವರೆಗೂ ಬಿಸಿ ಆರುವುದಿಲ್ಲ. ಅಕ್ಕಪಕ್ಕದ ಹೆಂಗಸರು ಮೂರು ಮನೆಯ ಒಲೆಯಲ್ಲಿ ಅಕ್ಕಿರೊಟ್ಟಿ ತಟ್ಟಿ, ಒಂದೊಂದನ್ನು ನಾಲ್ಕು ಹೋಳು ಮಾಡಿ ಕಳಿಸುತ್ತಿದ್ದರು. ಹೋಳು ಮಾಡಿದ್ದೂ ಅವ್ವನ ಲೆಕ್ಕವೇ. ಇಡೀ ರೊಟ್ಟಿ ಬಡಿಸಿದರೆ ಇನ್ನೊಂದು ಎನ್ನುತ್ತಾರೆ, ಹೋಳು ಬಡಿಸಿದರೆ ಇನ್ನೊಂದು ಹೋಳು ಎನ್ನುತ್ತಾರೆ.

ಬಂದವರು ನಲವತ್ತೇಳು ಜನ. ಉಂಡರು. ಒಬ್ಬ ಹಿರಿಯರು ಮೂರು ಸಲ ಗೊಜ್ಜು ಹಾಕಿಸಿಕೊಂಡರು. ಯಾರಿಗೂ ಕಡಿಮೆಯಾಗಲಿಲ್ಲ. ಗಂಡಿನ ಸೋದರತ್ತೆ ಒಬ್ಬಾಕೆ ಕೈ ತೊಳೆಯುತ್ತಾ, ಎಲ್ಲರಿಗೂ ಕೇಳುವ ಹಾಗೆ, "ಪರ್ವಾಗಿಲ್ವೆ, ಬದನೆಕಾಯಲ್ಲೇ ಮುಗಿಸ್ಬುಟ್ರಲ್ಲ" ಎಂದರು. ಒಂದಿಬ್ಬರು ನಕ್ಕರು. ಅವ್ವನೂ ನಕ್ಕಳು. ವೀಳ್ಯ ಬದಲಾಯಿಸಿದರು. ಆ ವರ್ಷವೇ ಮದುವೆಯೂ ಆಯಿತು.

ಇದು ನಾನು ಎಷ್ಟೋ ಕಡೆ ಹೇಳಿಕೊಂಡು ಬಂದ ಕಥೆ. ನೆಂಟರ ಮನೆಯಲ್ಲಿ, ಕಚೇರಿಯ ಗೆಳೆಯರ ನಡುವೆ, ಊಟದ ಹೊತ್ತು ಬಂದರೆ ಸಾಕು, ಹತ್ತು ರೂಪಾಯಿಯಲ್ಲಿ ನಲವತ್ತೇಳು ಜನಕ್ಕೆ ಬಡಿಸಿದ ನಮ್ಮವ್ವನ ಜಾಣತನವನ್ನು ವರ್ಣಿಸುತ್ತಿದ್ದೆ. ಹೇಳುತ್ತಾ ಹೇಳುತ್ತಾ ಕಥೆಗೆ ನಾನೂ ಸ್ವಲ್ಪ ಹುರಿಗಡಲೆ ಪುಡಿ ಬೆರೆಸಿರಬಹುದು.

೧೯೮೯ರಲ್ಲಿ ನಮ್ಮೂರಿನ ತ್ರಿವೇಣಿ ಸಂಗಮದಲ್ಲಿ ಮೊದಲ ಕುಂಭಮೇಳ ನಡೆಯಿತು. ಕಾವೇರಿ, ಕಪಿಲೆಯರ ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಕೂಡುತ್ತದೆ ಎಂಬ ನಂಬಿಕೆ. ಗುಂಜಾ ನರಸಿಂಹಸ್ವಾಮಿಯ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಊರಿನವರು ಹೇಳಿಕೊಳ್ಳುತ್ತಾರೆ. ಕಾಶಿಗೆ ಹೋಗಲಾರದ ನೆಂಟರಿಷ್ಟರೆಲ್ಲ ಆ ವರ್ಷ ನಮ್ಮ ಮನೆಗೆ ಬಂದರು. ಅವ್ವ ಮತ್ತೆ ತಪ್ಪಲೆ ಇಳಿಸಿದಳು, ಮತ್ತೆ ಸುಟ್ಟ ಬದನೆಯ ಗೊಜ್ಜು. ಎಲ್ಲರೂ ಬಾಯಿ ಚಪ್ಪರಿಸಿದರು. ಅಕ್ಕ ಮಾತ್ರ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ನಂಗೆ ಬ್ಯಾಡ. ಬದನೆಕಾಯಿ ನಂಜು" ಎಂದಳು. ಮೈಗೆ ಆಗುವುದಿಲ್ಲವೇನೋ ಎಂದು ನಾನು ತಿಳಿದೆ. ಅವ್ವ ಅಂದು ತನ್ನ ಹಾಲಾಹಲದ ಮಾತನ್ನು ಆಡಲಿಲ್ಲ ಎಂಬುದು ನನ್ನ ಗಮನಕ್ಕೆ ಬಂದದ್ದು ಬಹಳ ವರ್ಷಗಳ ಮೇಲೆ.

ಅವ್ವ ತೀರಿಕೊಂಡ ನಂತರ ಒಂದು ಸಲ ನೆಂಟರ ಮುಂದೆ ನಾನು ಮತ್ತೆ ಆ ಕಥೆ ತೆಗೆದೆ. ಅಕ್ಕ ಎದ್ದು ಒಳಗೆ ಹೋದಳು. ಹಿಂದೆಯೇ ಹೋದೆ. ಅವಳು ಹೇಳಿದ್ದು ಇಷ್ಟು: "ನೀನು ಅದ್ನ ಕಥೆ ಮಾಡಿ ಹೇಳ್ತೀಯ ಕಣೋ. ನಾನು ಹದಿನೈದು ವರ್ಷ ಆ ಮನೇಲಿ 'ಬದನೆಕಾಯಿ ಬೀಗರ ಮಗಳು' ಅನ್ನಿಸಿಕೊಂಡು ಉಂಡಿದ್ದೀನಿ. ಹಬ್ಬದಲ್ಲಿ, ಹರಿದಿನದಲ್ಲಿ, ಎಲ್ಲಾರ ಮುಂದೆ. ಅವ್ವಂಗೆ ಗೊತ್ತಿತ್ತು. ನಿಂಗೊಬ್ಬಂಗೇ ಗೊತ್ತಿರ್ನಿಲ್ಲ."

ಆ ದಿನ ನನಗೆ ಅನ್ನ ಸೇರಲಿಲ್ಲ. ಬಡತನವನ್ನು ದೂರದಿಂದ ನೋಡುವವನಿಗೆ ಅದು ಚಂದ ಕಾಣುತ್ತದೆ. ಗಂಡುಮಗನಾಗಿ ನಾನು ಒಂದೇ ಮನೆಯಲ್ಲಿ ಉಳಿದೆ, ಅಕ್ಕ ಆ ಗೊಜ್ಜನ್ನು ಇನ್ನೊಂದು ಮನೆಗೆ ಹೊತ್ತುಕೊಂಡು ಹೋಗಬೇಕಾಯಿತು.

ಅವಳಿಗೆ ಏನಾದರೂ ಸಮಾಧಾನ ಹೇಳಬೇಕು ಅನ್ನಿಸಿತು. ನನ್ನಂಥವರಿಗೆ ಸಮಾಧಾನ ಸಿಗುವುದು ಪುಸ್ತಕದಲ್ಲಿ. ನಿವೃತ್ತನಾದ ಮೇಲೆ ಮೈಸೂರಿನಲ್ಲಿ ಓದಲು ಹೊತ್ತಿತ್ತು, ಬದನೆಕಾಯಿಯ ಬೆನ್ನು ಹತ್ತಿದೆ.

ಬದನೆ ನಮ್ಮ ಮಣ್ಣಿನದೇ. ಭಾರತ ಮತ್ತು ಅದರ ಪೂರ್ವದ ನೆರೆಯ ನಾಡುಗಳಲ್ಲಿ ಕಾಡುಗಿಡವಾಗಿದ್ದದ್ದನ್ನು ಒಕ್ಕಲಿಗರು ಪಳಗಿಸಿದ್ದು. ಅದರ ಹೆಸರಿನ ಪ್ರಯಾಣವೇ ಒಂದು ಚರಿತ್ರೆ. ನಮ್ಮ ಬದನೆಗೂ ತಮಿಳಿನ ವಳುದುಣೈಗೂ ಒಂದೇ ಬೇರು. ಸಂಸ್ಕೃತದ ವಾತಿಂಗಣ ಎಂಬ ಶಬ್ದ ದ್ರಾವಿಡ ಮೂಲದಿಂದಲೇ ಬಂದಿರಬೇಕು ಎಂದು ಭಾಷಾವಿದ್ವಾಂಸರು ಹೇಳುತ್ತಾರೆ. ಅದು ಪರ್ಷಿಯಾಕ್ಕೆ ಹೋಗಿ ಬಾದಿಂಗಾನ್ ಆಯಿತು, ಅರಬರ ಬಾಯಲ್ಲಿ ಬಾದಿಂಜಾನ್ ಆಯಿತು, ಪೋರ್ಚುಗೀಸರಲ್ಲಿ ಬೆರಿಂಜೆಲ ಆಯಿತು. ಪೋರ್ಚುಗೀಸರು ಅದನ್ನು ಹಡಗಿನಲ್ಲಿ ತಿರುಗಿ ತಂದು ನಮ್ಮ ಇಂಗ್ಲಿಷಿಗೆ ಬ್ರಿಂಜಾಲ್ ಎಂದು ಕೊಟ್ಟರು. ಊರು ಬಿಟ್ಟ ಹುಡುಗಿ ಅರ್ಧ ಲೋಕ ಸುತ್ತಿ ಗುರುತು ಸಿಗದ ಹೆಸರು ಹೊತ್ತು ತವರಿಗೆ ಮರಳಿದ ಹಾಗೆ. ಅರಬರ ನಾಡಿನಲ್ಲಿ ಇಂದಿಗೂ ಬದನೆಯನ್ನು ಬೆಂಕಿಯಲ್ಲಿ ಸುಟ್ಟು, ಸುಲಿದು, ಅರೆದ ಎಳ್ಳು ಸೇರಿಸಿ, ರೊಟ್ಟಿಯ ಚೂರು ಅದ್ದಿ ತಿನ್ನುತ್ತಾರೆ. ಕಪಿಲೆಯ ದಡದ ಹೆಂಗಸಿಗೂ ಅವರಿಗೂ ಯಾವ ಮಾತುಕತೆಯೂ ಆಗಿರಲಾರದು. ಕೆಂಡ, ಬದನೆ, ಎಳ್ಳು ಮೂರೂ ಒಂದೆಡೆ ಇದ್ದರೆ ಹಸಿದ ಕೈ ಒಂದೇ ದಾರಿ ಹಿಡಿಯುತ್ತದೆಯೋ ಏನೋ.

ಕನ್ನಡದಲ್ಲಿ ಅಡಿಗೆಯ ಬರವಣಿಗೆ ಬಹಳ ಹಳೆಯದು. ಸುಮಾರು ೧೦೨೫ರ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಬಾವಿ ತೋಡುವುದು, ಗಿಡ ಬೆಳೆಸುವುದರ ಜೊತೆಗೆ ಅಡಿಗೆಯೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ೧೧೨೯ರ ಹೊತ್ತಿಗೆ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಊಟದ ವಿವರಗಳಿವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದವನು ಮೂರನೆಯ ಮಂಗರಸ. ೧೫೦೮ರ ಆಸುಪಾಸಿನವನು, ನಮ್ಮ ಮೈಸೂರು ಜಿಲ್ಲೆಯವನೇ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭು. ಅವನ 'ಸೂಪಶಾಸ್ತ್ರ' ಷಟ್ಪದಿಯಲ್ಲಿ ಬರೆದ ಅಡಿಗೆ ಪುಸ್ತಕ. ಅದರಲ್ಲಿ ಬದನೆಕಾಯಿಯ ಪಾಕಗಳಿಗೆ ಅವನು ಕೊಟ್ಟಿರುವ ಜಾಗ ನೋಡಿದರೆ ಬೆರಗಾಗುತ್ತದೆ. ಬೀಜ ಹೆಚ್ಚೆಂದು ಬದನೆಯನ್ನೇ ಬಿಡುವ ಜೈನರು ಇದ್ದಾರೆ, ಇವನು ಜೈನ ಕವಿಯಾಗಿಯೂ ಅದನ್ನು ಮನಸಾರೆ ಬಣ್ಣಿಸಿದ್ದಾನೆ. ಅಂದಮೇಲೆ ಅರಸನ ಪಂಕ್ತಿಯಲ್ಲಿ ಬದನೆಗೆ ಮಣೆ ಇತ್ತು.

ಮಂಗರಸನ ಅಡಿಗೆಯಲ್ಲಿ ಮೆಣಸಿನಕಾಯಿ ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು ೧೫೧೦ರಲ್ಲಿ. ಅಮೆರಿಕ ಖಂಡದ ಮೆಣಸಿನಕಾಯಿ, ಟೊಮೊಟೊ, ಆಲೂಗಡ್ಡೆಗಳು ನಮ್ಮ ಅಡಿಗೆಮನೆಗೆ ಬಂದದ್ದು ಆಮೇಲೆ. ಇದಕ್ಕೆ ಸಾಕ್ಷಿ ಬೇಕಾದರೆ ಸಂಪ್ರದಾಯದ ಮನೆಗಳ ತಿಥಿಯ ಅಡಿಗೆ ನೋಡಬೇಕು. ಅಲ್ಲಿ ಇಂದಿಗೂ ಖಾರಕ್ಕೆ ಕರಿಮೆಣಸು, ಆಲೂಗಡ್ಡೆ ಟೊಮೊಟೊಗಳಿಗೆ ಒಳಗೆ ಬರಲು ಅಪ್ಪಣೆಯಿಲ್ಲ. ಪಿತೃಗಳಿಗೆ ಗೊತ್ತಿಲ್ಲದ ತರಕಾರಿಯನ್ನು ಅವರಿಗೆ ಬಡಿಸುವುದು ಹೇಗೆ? ಹೊಸದಾಗಿ ಬಂದವರಿಗೆ ಜನ ಹಳೆಯ ಹೆಸರನ್ನೇ ಹಂಚಿಕೊಟ್ಟರು. ಟೊಮೊಟೊ ಚಪ್ಪರಬದನೆಯಾಯಿತು, ಮೆಕ್ಸಿಕೋ ಕಡೆಯಿಂದ ಬಂದದ್ದು ಸೀಮೆಬದನೆಯಾಯಿತು. ಟೊಮೊಟೊ, ಆಲೂಗಡ್ಡೆ, ಮೆಣಸಿನಕಾಯಿ ಎಲ್ಲವೂ ಬದನೆಯ ಕುಲದವೇ ಎಂದು ಸಸ್ಯಶಾಸ್ತ್ರ ಹೇಳುತ್ತದೆ. ಅವ್ವನ ತಪ್ಪಲೆಯಲ್ಲಿ ಕುದಿದದ್ದು ಹುಟ್ಟೂರಲ್ಲೇ ಉಳಿದ ಬದನೆ ಮತ್ತು ಸಮುದ್ರ ದಾಟಿ ಬಂದ ಅದರ ದಾಯಾದಿ ಮೆಣಸಿನಕಾಯಿ.

ಬದನೆ ಇನ್ನೂ ಜಗಳದ ಕಾಯಿಯಾಗಿಯೇ ಇದೆ. ಕುಲಾಂತರಿ ಬಿಟಿ ಬದನೆಯ ವಿಚಾರ ಬಂದಾಗ ೨೦೧೦ರ ಫೆಬ್ರವರಿ ೬ರಂದು ಬೆಂಗಳೂರಿನಲ್ಲಿ ನಡೆದ ಸಾರ್ವಜನಿಕ ವಿಚಾರಣೆ ಗದ್ದಲದಿಂದ ತುಂಬಿತ್ತು. ಮೂರು ದಿನದ ಮೇಲೆ ಕೇಂದ್ರದ ಪರಿಸರ ಸಚಿವ ಜೈರಾಮ್ ರಮೇಶ್ ಅದನ್ನು ತಡೆಹಿಡಿದರು. ಉಡುಪಿಯ ಮಟ್ಟು ಗುಳ್ಳಕ್ಕೆ ೨೦೧೧ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಮೈಸೂರಿನವರಿಗೆ ಈರನಗೆರೆಯ ಹಸಿರು ಬದನೆಯ ಅಭಿಮಾನ. ನಂಜನಗೂಡಿನ ರಸಬಾಳೆಯಷ್ಟು ಕೀರ್ತಿ ಯಾವ ಬದನೆಗೂ ನಮ್ಮ ಕಡೆ ಬರಲಿಲ್ಲ, ನಿಜ. ಆದರೆ ರಸಬಾಳೆಯಲ್ಲಿ ನಲವತ್ತೇಳು ಜನಕ್ಕೆ ತಿಂಡಿ ಮಾಡಲಾಗುವುದಿಲ್ಲ.

ಇಷ್ಟನ್ನೂ ಸಂಗ್ರಹಿಸಿಕೊಂಡು ಅಕ್ಕನ ಬಳಿ ಹೋದೆ. "ಅಕ್ಕ, ಐನೂರು ವರ್ಷದ ಹಿಂದೆ ನಮ್ಮ ಹುಣಸೂರಿನ ಅರಸನೇ ಬದನೆಕಾಯಿ ಮೇಲೆ ಪದ್ಯ ಕಟ್ಟಿದ್ದಾನೆ" ಎಂದೆ. ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, "ಆ ಅರಸನ ಬದನೆಕಾಯಿಗೆ ತುಪ್ಪ ಹಾಕ್ತಿದ್ರಾ?" ಎಂದಳು. ಹಾಕುತ್ತಿದ್ದರು ಎಂದೆ. "ಮತ್ತೆ? ಅದು ಬೇರೆ, ಅವ್ವಂದು ಬೇರೆ" ಎಂದಳು.

ನನ್ನ ಸಂಶೋಧನೆಗೆ ಅದಕ್ಕಿಂತ ಸರಿಯಾದ ವಿಮರ್ಶೆ ಸಿಗಲಾರದು. ಅರಸನ ಅಡಿಗೆ ಷಟ್ಪದಿಯಲ್ಲಿ ಉಳಿಯಿತು. ಆ ಅಡಿಗೆಯನ್ನು ಮಾಡಿದವರ ಹೆಸರೂ ಅದರ ಜೊತೆಗೆ ಉಳಿಯಲಿಲ್ಲ, ಇನ್ನು ಇನ್ನೊಬ್ಬರ ಒಲೆಯ ಕೆಂಡದಲ್ಲಿ ಬೇಯಿಸಿದವಳ ಮಾತೆಲ್ಲಿ? ಮಂಗರಸನಿಂದ ಅವ್ವನಿಗೆ ಮರ್ಯಾದೆ ಸಾಲ ತರಲು ಹೋದದ್ದೇ ನನ್ನ ತಪ್ಪು. ಅವಳು ಅಂಗಡಿಯಲ್ಲಿ ಸಾಲ ಸಿಗದೆ ಬಂದವಳು, ಆದರೂ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಲಿಲ್ಲ. ಅದಕ್ಕೆ ಅರಸನ ಸಾಕ್ಷಿ ಬೇಕಿರಲಿಲ್ಲ. ಹಾಗೆಯೇ ಅಕ್ಕ ಉಂಡ ಅವಮಾನವೂ ಯಾವ ಚರಿತ್ರೆಯಿಂದಲೂ ಅಳಿಸುವಂಥದಲ್ಲ.

ಹೋದ ವರ್ಷ ಮೈಸೂರಿನಲ್ಲಿ ಅಕ್ಕನ ಮೊಮ್ಮಗಳ ಹುಟ್ಟುಹಬ್ಬ. ಕಾಲೇಜಿನ ಗೆಳೆಯರು ಮೂವತ್ತು ಜನ ಬರುವವರಿದ್ದರು. ಚಿಪ್ಸು, ಸುಟ್ಟ ರೊಟ್ಟಿಯ ಚೂರುಗಳಿಗೆ ಅದ್ದಿಕೊಳ್ಳಲು ಏನಾದರೂ ಬೇಕು, ಅದನ್ನು ಡಿಪ್ ಎನ್ನುತ್ತಾರಂತೆ. ಅಂಗೈಯಗಲದ ಡಬ್ಬಿಯೊಂದರ ಬೆಲೆಯನ್ನು ಮೊಮ್ಮಗಳು ಫೋನಿನಲ್ಲಿ ತೋರಿಸಿದಾಗ ಅಕ್ಕ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದಳು. "ಮೂವತ್ತು ಜನಕ್ಕೆ ಇಂಥಾವು ಎಷ್ಟು ಬೇಕು?" ಎಂದು ಕೇಳಿದಳು. ಲೆಕ್ಕ ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕಡೆ ತಿರುಗಿ, "ಹೋಗಿ ಮೂರು ಕೆಜಿ ಗುಂಡು ಬದನೆಕಾಯಿ ತಗೊಂಡು ಬಾ. ತೂತಿರೋದು ತರಬ್ಯಾಡ" ಎಂದಳು.

ನಾನು ಏನೂ ಕೇಳಲಿಲ್ಲ. ಚೀಲ ಹಿಡಿದು ಹೊರಟೆ.

ಗ್ಯಾಸಿನ ಉರಿಯ ಮೇಲೆ ಒಂದೊಂದೇ ಕಾಯಿ ಸುಟ್ಟಳು. ಸುಲಿದಳು, ಕಿವುಚಿದಳು. ನಲವತ್ತು ವರ್ಷಕ್ಕೂ ಮೇಲೆ ಮಾಡದಿದ್ದ ಗೊಜ್ಜಿನ ಅಳತೆ ಅವಳ ಕೈಗೆ ಮರೆತಿರಲಿಲ್ಲ. ಎಳ್ಳು ಎಷ್ಟು ಎಂದು ಒಮ್ಮೆಯೂ ನನ್ನನ್ನು ಕೇಳಲಿಲ್ಲ. ಹುಡುಗರು ಬಿಸಿ ಗೊಜ್ಜಿನ ಪಾತ್ರೆಯ ಸುತ್ತ ನಿಂತು ಅದ್ದಿ ಅದ್ದಿ ತಿಂದರು. "ಅಜ್ಜಿ, ಈ ಡಿಪ್ ಹೆಸರೇನು?" ಎಂದು ಒಬ್ಬಳು ಕೇಳಿದಳು. "ಗೊಜ್ಜು ಕಣೇ ಕೂಸು. ನಮ್ಮವ್ವನ ಗೊಜ್ಜು" ಎಂದಳು ಅಕ್ಕ.

ಎಲ್ಲರೂ ಹೋದ ಮೇಲೆ ಪಾತ್ರೆಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅಕ್ಕ ಬೆರಳಲ್ಲಿ ಬಳಿದು ಬಾಯಿಗಿಟ್ಟುಕೊಂಡಳು.

"ಕೆಂಡದ ವಾಸ್ನೆ ಇಲ್ಲ" ಎಂದಳು. ಆಮೇಲೆ ಪಾತ್ರೆಯನ್ನು ನನ್ನ ಕಡೆ ಸರಿಸಿದಳು.